ವಿಡಿಯೊ ಕಾಲ್ ಎಲ್ಲಿ ಕೆಡುತ್ತಿದೆ? ಅಳೆದು ಹಿಡಿಯುವ ಬಗೆ: ಕೊಡಗಿನ ಮನೆ, ತೋಟಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಸ್ಪೀಡ್ ಟೆಸ್ಟ್ ಹಾಕಿದರೆ 40 ಎಂಬಿಪಿಎಸ್ ತೋರಿಸುತ್ತದೆ. ವಿಡಿಯೊ ಕಾಲ್ ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ. ಮಡಿಕೇರಿ ಪೇಟೆಯ ಫೈಬರ್ ಮನೆಯಾಗಲಿ, ಕಕ್ಕಬ್ಬೆ ಕಡೆಯ ಸಿಮ್ ರೂಟರ್ ಮನೆಯಾಗಲಿ, ದೂರು ಮಾತ್ರ ಇದೇ. ಪ್ಲಾನ್ ಬದಲಿಸುವುದು, ರೂಟರ್ ಬದಲಿಸುವುದು, ಕೊನೆಗೆ ಕಂಪನಿಯನ್ನೇ ಬದಲಿಸುವುದು ಇದಕ್ಕೆ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ. ದುಡ್ಡು ಹೋಗುತ್ತದೆ, ಕಾಲ್ ಹಾಗೇ ಇರುತ್ತದೆ.

ಸ್ಪೀಡ್ ಟೆಸ್ಟ್ ಸುಳ್ಳು ಹೇಳುವುದಿಲ್ಲ, ಆದರೆ ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಹತ್ತಿರದ ಸರ್ವರ್‌ಗೆ ಒಟ್ಟಿಗೆ ಹಲವು ಸಂಪರ್ಕ ತೆರೆದು, ಹತ್ತು ಹದಿನೈದು ಸೆಕೆಂಡಿನಲ್ಲಿ ಒಟ್ಟು ಎಷ್ಟು ಡೇಟಾ ಸಾಗಿತು ಎಂದು ಎಣಿಸುವುದಷ್ಟೇ ಅದರ ಕೆಲಸ. ನಡುವೆ ಪ್ಯಾಕೆಟ್, ಅಂದರೆ ಡೇಟಾದ ಪುಟ್ಟ ಕಂತೆ, ಕಳೆದರೆ ಸದ್ದಿಲ್ಲದೆ ಮತ್ತೆ ಕಳಿಸಲಾಗುತ್ತದೆ, ತಡವಾಗಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ವಿಡಿಯೊ ಕಾಲ್‌ನಲ್ಲಿ ತಡವಾಗಿ ಬಂದ ಪ್ಯಾಕೆಟ್ ಕಳೆದುಹೋದ ಪ್ಯಾಕೆಟ್‌ಗೆ ಸಮ. ಇಬ್ಬರ ನಡುವಿನ 720ಪಿ ಕಾಲ್‌ಗೆ ಆ ಕಡೆ ಈ ಕಡೆ ತಲಾ 1ರಿಂದ 1.5 ಎಂಬಿಪಿಎಸ್ ಸಾಕು. ಅಷ್ಟು ಡೇಟಾ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆಯೇ ಎಂಬುದನ್ನು ಅಳೆಯಬೇಕು.

ಮೊದಲು ದಿಕ್ಕು ಗೊತ್ತುಮಾಡಿಕೊಳ್ಳಿ

ಉಪಕರಣ ಮುಟ್ಟುವ ಮೊದಲು ಎರಡು ನಿಮಿಷದ ಕೆಲಸವಿದೆ. ಮೂವರು ಅಥವಾ ನಾಲ್ವರಿರುವ ಗುಂಪಿನ ಕಾಲ್ ಮಾಡಿ ಕೇಳಿ ನೋಡಿ. ಒಬ್ಬರ ಚಿತ್ರ ಮಾತ್ರ ಎಲ್ಲರಿಗೂ ಕೆಟ್ಟು ಕಾಣುತ್ತಿದ್ದರೆ ದೋಷ ಅವರ ಅಪ್‌ಲೋಡ್‌ನಲ್ಲಿ. ಎಲ್ಲರ ಚಿತ್ರವೂ ನಿಮಗೊಬ್ಬರಿಗೇ ಕೆಟ್ಟಿದ್ದರೆ ದೋಷ ನಿಮ್ಮ ಡೌನ್‌ಲೋಡ್ ಕಡೆಯದು, ಇಲ್ಲವೇ ನಿಮ್ಮ ಫೋನೇ ಬಳಲಿದೆ. ನಿಮಗೆಲ್ಲ ಚೆನ್ನಾಗಿ ಕಾಣುತ್ತಿದ್ದು, ಬೇರೆಯವರು ‘ನಿಮ್ಮ ಮಾತು ಕತ್ತರಿಸ್ತಾ ಇದೆ’ ಎಂದರೆ ನಿಮ್ಮ ಅಪ್‌ಲೋಡ್. ಕೊಡಗಿನ ತೋಟದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಕೊನೆಯದೇ; ಯಾಕೆಂದು ಮುಂದೆ ಹೇಳಿದೆ.

ಇಷ್ಟು ತಿಳಿಯದೆ ಅಳೆಯಲು ಕೂತರೆ ಇಡೀ ಮಧ್ಯಾಹ್ನ ತಪ್ಪು ತುದಿಯಲ್ಲಿ ಹುಡುಕಿದಂತಾಗುತ್ತದೆ. ಮಗಳು ಹೊರದೇಶದ ಹಾಸ್ಟೆಲ್ ವೈಫೈನಲ್ಲಿ ಒದ್ದಾಡುತ್ತಿದ್ದರೆ ನಾಪೋಕ್ಲುವಿನಲ್ಲಿ ರೂಟರ್ ಬಿಚ್ಚಿ ಏನೂ ಪ್ರಯೋಜನವಿಲ್ಲ.

ನೋಡಬೇಕಾದ ಅಂಕಿಗಳು

ಹೋಗಿಬರುವ ಸಮಯ, ಅಂದರೆ ಆರ್‌ಟಿಟಿ, 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆ ಸಲೀಸು. ಹೋಗುವ ಒಂದು ದಿಕ್ಕಿನ ವಿಳಂಬವೇ 150 ದಾಟಬಾರದು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಅಳತೆ. ಅದೇ ಶಿಫಾರಸು 400 ಅನ್ನು ಮೇಲಿನ ಮಿತಿ ಎನ್ನುತ್ತದೆ. ಅಮೆರಿಕದವರೊಡನೆ ಮಾತಾಡುವಾಗ ಆರ್‌ಟಿಟಿ 200 ಮೀರುವುದು ಸಹಜ, ಅದು ದೂರದ ಬೆಲೆ. ಫೈಬರಿನ ಗಾಜಿನ ನಾರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, 1000 ಕಿ.ಮೀ. ಹೋಗಿಬರಲು 10 ಮಿಲಿಸೆಕೆಂಡ್ ಬೇಕು. ಹಾಗಾಗಿ ಬೆಂಗಳೂರು ಅಥವಾ ಮುಂಬೈ ಸರ್ವರ್‌ಗೆ 200 ತೋರಿಸಿದರೆ ದೂರದ ಮೇಲೆ ತಪ್ಪು ಹೊರಿಸಬೇಡಿ, ದಾರಿಯಲ್ಲಿ ಎಲ್ಲೋ ಪ್ಯಾಕೆಟ್‌ಗಳು ಸಾಲುಗಟ್ಟಿ ನಿಂತಿವೆ.

ಜಿಟ್ಟರ್ ಎಂದರೆ ಪ್ಯಾಕೆಟ್‌ಗಳು ಬರುವ ಅಂತರದಲ್ಲಿನ ಏರುಪೇರು. 30 ಮಿಲಿಸೆಕೆಂಡ್ ಒಳಗಿರಲಿ. ಹೆಚ್ಚಾದರೆ ಆ್ಯಪ್ ತನ್ನ ಬಫರ್ (ಬಂದ ಡೇಟಾವನ್ನು ತುಸು ಹೊತ್ತು ಹಿಡಿದಿಡುವ ಜಾಗ) ಹಿಗ್ಗಿಸುತ್ತದೆ. ಮಾತು ತುಂಡಾಗುವುದು ನಿಲ್ಲುತ್ತದೆ, ಬದಲಿಗೆ ಇಬ್ಬರೂ ಒಟ್ಟಿಗೆ ಮಾತಾಡಲು ಶುರುಮಾಡಿ ಒಟ್ಟಿಗೆ ನಿಲ್ಲಿಸುವ ಪೇಚಾಟ ಹತ್ತಿಕೊಳ್ಳುತ್ತದೆ.

ಪ್ಯಾಕೆಟ್ ನಷ್ಟ ಶೇ 1ರೊಳಗಿರಬೇಕು. ಶೇ 2 ಅಷ್ಟೇ ತಾನೆ ಎನ್ನುವವರು ಒಂದು ಲೆಕ್ಕ ಮಾಡಿ ನೋಡಿ. ಧ್ವನಿಯನ್ನು ಕುಗ್ಗಿಸಿ ಕಳಿಸುವ ಓಪಸ್ ಕೊಡೆಕ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅಂದರೆ ಸೆಕೆಂಡಿಗೆ 50 ಕಳಿಸುತ್ತದೆ. ಶೇ 2 ಎಂದರೆ ಸೆಕೆಂಡಿಗೊಂದು ಹೋಯಿತು. ಧ್ವನಿ ಅದನ್ನು ಹೇಗೋ ಮುಚ್ಚಿಹಾಕುತ್ತದೆ, ಚಿತ್ರಕ್ಕೆ ಅದು ಸುಲಭವಲ್ಲ. 1 ಎಂಬಿಪಿಎಸ್, ಸೆಕೆಂಡಿಗೆ 30 ಫ್ರೇಮ್ ಎಂದಿಟ್ಟುಕೊಂಡರೆ ಒಂದು ಫ್ರೇಮಿಗೆ ಸುಮಾರು 4 ಕಿಲೋಬೈಟ್. 1200 ಬೈಟಿನ ಪ್ಯಾಕೆಟ್ ಲೆಕ್ಕದಲ್ಲಿ ನಾಲ್ಕು. ನಾಲ್ಕರಲ್ಲಿ ಒಂದು ಬರದಿದ್ದರೂ ಫ್ರೇಮ್ ಪೂರ್ತಿಯಾಗುವುದಿಲ್ಲ. ಶೇ 2 ನಷ್ಟದಲ್ಲಿ ನೂರಕ್ಕೆ ಎಂಟರಷ್ಟು ಫ್ರೇಮ್ ಹೀಗೆ ಕುಂಟುತ್ತವೆ, ಅಂದರೆ ಸೆಕೆಂಡಿಗೆ ಎರಡಕ್ಕೂ ಹೆಚ್ಚು. ಕಳೆದದ್ದನ್ನು ಮತ್ತೆ ಕಳಿಸು ಎಂದು ಕೇಳಿ ತರಿಸಿಕೊಳ್ಳಲು ಒಂದು ಆರ್‌ಟಿಟಿ ಬೇಕು. ಆರ್‌ಟಿಟಿ 50 ಇದ್ದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 400 ಇದ್ದರೆ ಚಿತ್ರ ನಿಂತುಬಿಡುತ್ತದೆ. ಆದ್ದರಿಂದ ನಷ್ಟವನ್ನೂ ವಿಳಂಬವನ್ನೂ ಒಟ್ಟಿಗೆ ಓದಬೇಕು.

ಕಾಲ್ ನಡೆಯುತ್ತಿರುವಾಗಲೇ ಓದುವುದು

ಝೂಮ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಟ್ಯಾಟಿಸ್ಟಿಕ್ಸ್ ಎಂಬ ಭಾಗವಿದೆ. ವಿಳಂಬ, ಜಿಟ್ಟರ್, ನಷ್ಟ, ರೆಸಲ್ಯೂಶನ್, ಫ್ರೇಮ್ ಸಂಖ್ಯೆ ಎಲ್ಲ ಕಳಿಸುವುದಕ್ಕೆ ಒಂದು ಸಾಲು, ಪಡೆಯುವುದಕ್ಕೆ ಇನ್ನೊಂದು ಸಾಲಾಗಿ ಕಾಣುತ್ತವೆ. ಟೀಮ್ಸ್‌ನಲ್ಲಿ ಇದಕ್ಕೆ ಕಾಲ್ ಹೆಲ್ತ್ ಎಂದು ಹೆಸರು. ಗೂಗಲ್ ಮೀಟ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ ಟ್ರಬಲ್‌ಶೂಟಿಂಗ್ ಆಯ್ಕೆ ಸಿಗುತ್ತದೆ. ವಾಟ್ಸಾಪ್ ಕಾಲ್‌ನಲ್ಲಿ ಇಂಥ ಅಂಕಿ ಕಾಣುವುದಿಲ್ಲ. ಅದೇ ಮನೆಯಿಂದ, ಅದೇ ಹೊತ್ತಿಗೆ ಮೀಟ್‌ನಲ್ಲಿ ಕಾಲ್ ಮಾಡಿ ಅಳೆಯುವುದೇ ದಾರಿ.

ಎಲ್ಲಕ್ಕಿಂತ ವಿವರವಾಗಿ ತೋರಿಸುವುದು ಕ್ರೋಮ್ ಬ್ರೌಸರ್‌ನ ವೆಬ್‌ಆರ್‌ಟಿಸಿ ಇಂಟರ್ನಲ್ಸ್ ಪುಟ. ಇನ್ನೊಂದು ಟ್ಯಾಬಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ವೆಬ್‌ಆರ್‌ಟಿಸಿ, ಹೈಫನ್, ಇಂಟರ್ನಲ್ಸ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಕಾಲ್ ಶುರುವಾಗುವ ಮುಂಚೆಯೇ ತೆರೆದಿಟ್ಟರೆ ಗ್ರಾಫ್ ಮೊದಲಿನಿಂದ ಸಿಗುತ್ತದೆ. ಮೊದಲ ಸಲ ನೋಡಿದಾಗ ಸಾಲುಗಳ ಸಂತೆಯಂತೆ ಕಾಣುತ್ತದೆ. ನಾಲ್ಕೈದು ಮಾತ್ರ ಹುಡುಕಿ:

– ರೌಂಡ್ ಟ್ರಿಪ್ ಟೈಮ್ ಮತ್ತು ಜಿಟ್ಟರ್. ಇವು ಸೆಕೆಂಡಿನ ಲೆಕ್ಕದಲ್ಲಿರುತ್ತವೆ, 0.085 ಎಂದರೆ 85 ಮಿಲಿಸೆಕೆಂಡ್. ಇಲ್ಲಿ ಎಡವುವವರು ಬಹಳ.
– ಪ್ಯಾಕೆಟ್ಸ್ ಲಾಸ್ಟ್. ಇದು ಕಾಲ್ ಶುರುವಾದಾಗಿನಿಂದ ಕೂಡುತ್ತಾ ಬಂದ ಒಟ್ಟು ಸಂಖ್ಯೆ. ನಿಮಿಷದ ಆದಿಯಲ್ಲಿ ಒಮ್ಮೆ, ಅಂತ್ಯದಲ್ಲಿ ಒಮ್ಮೆ ಬರೆದುಕೊಂಡು ವ್ಯತ್ಯಾಸ ತೆಗೆಯಿರಿ. ನಿಮ್ಮಿಂದ ಹೋದದ್ದರ ನಷ್ಟ ರಿಮೋಟ್ ಇನ್‌ಬೌಂಡ್ ಎಂಬ ಭಾಗದಲ್ಲಿದೆ.
– ಕ್ವಾಲಿಟಿ ಲಿಮಿಟೇಶನ್ ರೀಸನ್. ಬ್ಯಾಂಡ್‌ವಿಡ್ತ್ ಎಂದಿದ್ದರೆ ದಾರಿ ಕಿರಿದು; ಸಿಪಿಯು ಎಂದಿದ್ದರೆ ನಿಮ್ಮ ಯಂತ್ರಕ್ಕೆ ಕೆಲಸ ಹೆಚ್ಚಾಗಿದೆ. ಈ ಒಂದೇ ಸಾಲು ಎಷ್ಟೋ ಮನೆಗಳ ಹೊಸ ರೂಟರ್ ಖರ್ಚು ಉಳಿಸೀತು.
– ಕ್ಯಾಂಡಿಡೇಟ್ ಪೇರ್ ಭಾಗದಲ್ಲಿ ಯುಡಿಪಿ ಇದೆಯೋ ಟಿಸಿಪಿ ಇದೆಯೋ. ಇವು ಡೇಟಾ ಸಾಗಿಸುವ ಎರಡು ಬಗೆ: ಯುಡಿಪಿ ಕಳೆದದ್ದಕ್ಕೆ ಕಾಯುವುದಿಲ್ಲ, ಟಿಸಿಪಿ ಕಾಯುತ್ತದೆ. ಶಾಲೆ, ಕಚೇರಿಗಳ ಫೈರ್‌ವಾಲ್ ಯುಡಿಪಿ ತಡೆದಾಗ ಕಾಲ್ ಟಿಸಿಪಿಗೆ ಇಳಿಯುತ್ತದೆ. ಆಗ ನಷ್ಟ ಸೊನ್ನೆ ತೋರಿಸಿದರೂ ಚಿತ್ರ ನಿಂತು ನಿಂತು ಬರುತ್ತದೆ, ಏಕೆಂದರೆ ಕಳೆದ ಒಂದು ಪ್ಯಾಕೆಟ್ ಬರುವವರೆಗೆ ಹಿಂದಿನದ್ದೆಲ್ಲ ಕಾಯುತ್ತದೆ. 3478 ಪೋರ್ಟ್‌ನಲ್ಲಿ ಯುಡಿಪಿ ಬಿಡಿ ಎಂದು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೇಳಿ. ಮೀಟ್‌ಗೆ 19302ರಿಂದ 19309, ಝೂಮ್‌ಗೆ 8801ರಿಂದ 8810 ಕೂಡ ಬೇಕು.

ದಾರಿಯನ್ನು ತುಂಡು ಮಾಡುವುದು

ಫೋನಿನಿಂದ ರೂಟರ್, ರೂಟರ್‌ನಿಂದ ಕಂಪನಿಯ ಮೊದಲ ಕಟ್ಟೆ (ದಾರಿಯಲ್ಲಿ ಡೇಟಾ ಹಾದುಹೋಗುವ ರೂಟರ್), ಅಲ್ಲಿಂದ ಹೊರಗೆ. ಮೂರು ತುಂಡು, ಮೂರಕ್ಕೂ ಬೇರೆ ಬೇರೆ ಪಿಂಗ್, ಅಂದರೆ ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರುವ ಹೊತ್ತನ್ನು ಅಳೆಯುವುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಹೊಡೆದು, ಹೈಫನ್ ಎನ್ ಮತ್ತು 100 ಸೇರಿಸಿ, ರೂಟರ್ ವಿಳಾಸ ಕೊಡಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಬರೀ ನಾಲ್ಕು ಪಿಂಗ್ ನೋಡಿ ತೀರ್ಮಾನಕ್ಕೆ ಬರಬೇಡಿ, ನೂರಾದರೂ ಬೇಕು.

ರೂಟರ್‌ವರೆಗೆ 1ರಿಂದ 5 ಮಿಲಿಸೆಕೆಂಡ್ ಬಂದು ನಷ್ಟ ಸೊನ್ನೆಯಿದ್ದರೆ ವೈಫೈ ಚೆನ್ನಾಗಿದೆ. ನಡುನಡುವೆ 80, 200 ಎಂದು ಜಿಗಿಯುತ್ತಿದ್ದರೆ, ಒಂದೆರಡು ಕಳೆದಿದ್ದರೆ, ದೋಷ ಮನೆಯೊಳಗೇ ಇದೆ; ಕಂಪನಿಗೆ ಫೋನ್ ಮಾಡುವ ಅಗತ್ಯವಿಲ್ಲ. ಹಳೆಯ ಐನ್‌ಮನೆಗಳ (ಕೊಡವರ ಕುಟುಂಬದ ಮೂಲಮನೆ) ದಪ್ಪ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ವೈಫೈ ಬೇಗ ಸೋಲುತ್ತದೆ. ಕೂರುವ ಜಾಗದಲ್ಲಿ ವೈಫೈ ಬಲ -67 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಕೆಳಗಿಳಿದರೆ ವಿಡಿಯೊ ನೆಚ್ಚುವಂತಿಲ್ಲ. 2.4 ಗಿಗಾಹರ್ಟ್ಸ್ ಬಳಸುವುದಾದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ. ಪೇಟೆಯ ಅಂಗಡಿ ಸಾಲಿನಲ್ಲಿ ಇದು ಮುಖ್ಯ. ತೋಟದ ಒಂಟಿ ಮನೆಯಲ್ಲಿ ಅಡ್ಡಬರುವ ನೆರೆಯವರೇ ಇರುವುದಿಲ್ಲ. ದುಬಾರಿ ಮೆಶ್ ರೂಟರ್ ತರುವ ಮೊದಲು 20 ಮೀಟರ್ ಲ್ಯಾನ್ ಕೇಬಲ್ ತಂದು ಒಂದು ವಾರ ಕಾಲ್ ಮಾಡಿ ನೋಡಿ. ಕೇಬಲ್‌ನಲ್ಲಿ ಸರಿಹೋದರೆ ವೈಫೈ ದೋಷ ಖಚಿತ, ಮತ್ತು ಎಷ್ಟೋ ಮನೆಗಳಲ್ಲಿ ಆ ಕೇಬಲ್ಲೇ ಅಲ್ಲಿ ಉಳಿದುಬಿಡುತ್ತದೆ.

ಹೊರಗಿನ ತುಂಡಿಗೆ 8.8.8.8ಗೆ, ಅಂದರೆ ಗೂಗಲ್‌ನ ಸರ್ವರ್‌ಗೆ, ಪಿಂಗ್ ಮಾಡಿ. ನಡುವಿನ ಕಟ್ಟೆಗಳನ್ನು ನೋಡಲು ವಿನ್‌ಎಂಟಿಆರ್ ಎಂಬ ತಂತ್ರಾಂಶ ಚೆನ್ನಾಗಿದೆ, ಆದರೆ ಅದನ್ನು ಓದುವುದರಲ್ಲಿ ಒಂದು ಬಲೆ ಇದೆ. ನಡುವಿನ ಒಂದು ಕಟ್ಟೆಯಲ್ಲಿ ಶೇ 40 ನಷ್ಟ ತೋರಿಸಿ ಕೊನೆಯ ಕಟ್ಟೆಯಲ್ಲಿ ಸೊನ್ನೆ ಇದ್ದರೆ ಅಲ್ಲಿ ದೋಷವೇ ಇಲ್ಲ. ಆ ರೂಟರ್ ಪಿಂಗ್‌ಗೆ ಉತ್ತರಿಸಲು ಆಸಕ್ತಿ ತೋರಿಸುತ್ತಿಲ್ಲ, ಅಷ್ಟೆ. ಒಂದು ಕಟ್ಟೆಯಿಂದ ಶುರುವಾಗಿ ಕೊನೆಯವರೆಗೂ ಮುಂದುವರಿಯುವ ನಷ್ಟ ಮಾತ್ರ ನಿಜವಾದ ನಷ್ಟ.

ಹೊರೆ ಹೇರಿ ಅಳೆಯಿರಿ

ಖಾಲಿ ಲೈನ್‌ನಲ್ಲಿ ಪಿಂಗ್ 30 ಬಂತೆಂದು ಸಮಾಧಾನಪಟ್ಟುಕೊಳ್ಳುವುದು ಮಾಮೂಲಿ ತಪ್ಪು. ಕಾಲ್ ಕೆಡುವುದು ಲೈನ್ ತುಂಬಿದಾಗ. ಒಂದು ಕಡೆ ಪಿಂಗ್ ಓಡುತ್ತಿರಲಿ, ಇನ್ನೊಂದು ಕಡೆ ಫೋನಿನಿಂದ 200 ಎಂಬಿಯಷ್ಟು ವಿಡಿಯೊವನ್ನು ಗೂಗಲ್ ಡ್ರೈವ್‌ಗೆ ಹಾಕಿ. 30 ಇದ್ದದ್ದು 60, 70 ಆದರೆ ಚಿಂತೆಯಿಲ್ಲ. 600, 900 ಆದರೆ ಕಾರಣ ಸಿಕ್ಕಿತು.

ಇದು ಆಗುವುದು ಹೀಗೆ. ಅಪ್‌ಲೋಡ್ 2 ಎಂಬಿಪಿಎಸ್ ಇರುವ ಲೈನ್. ರೂಟರ್ ಅಥವಾ ಮೋಡೆಮ್ ಒಳಗೆ 256 ಕಿಲೋಬೈಟ್‌ನ ಸಾಲು ಹಿಡಿಯುವ ಬಫರ್. ಫೋಟೊ ಬ್ಯಾಕಪ್ ಆ ಬಫರನ್ನು ತುಂಬಿಸಿಡುತ್ತದೆ. 256 ಕಿಲೋಬೈಟ್ ಎಂದರೆ ಸುಮಾರು 21 ಲಕ್ಷ ಬಿಟ್. ಸೆಕೆಂಡಿಗೆ 20 ಲಕ್ಷ ಹೊರಹೋಗುವ ಬಾಗಿಲಲ್ಲಿ ಅದು ಖಾಲಿಯಾಗಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ನಿಮ್ಮ ಧ್ವನಿಯ ಪುಟ್ಟ ಪ್ಯಾಕೆಟ್ ಆ ಸಾಲಿನ ಬಾಲಕ್ಕೆ ನಿಲ್ಲುತ್ತದೆ. ಪ್ಯಾಕೆಟ್ ಒಂದೂ ಕಳೆದಿಲ್ಲ, ಸ್ಪೀಡ್ ಪೂರ್ತಿ ಇದೆ, ಮಾತು ಮಾತ್ರ ಒಂದು ಸೆಕೆಂಡ್ ಹಿಂದೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು.

ಹೊರೆ ಎಲ್ಲಿಂದ ಬರುತ್ತದೆ ಎಂದು ಹುಡುಕುವಾಗ ಕಣದ ಕ್ಯಾಮೆರಾ ಮರೆಯಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಕಣದಲ್ಲಿ ಕಾಫಿ ಹರಡಿರುವಾಗ, ಸಿಸಿಟಿವಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡೇ ಇರುವವರುಂಟು. ಡಿವಿಆರ್‌ನೊಳಗೆ ರೆಕಾರ್ಡ್ ಆಗುವಷ್ಟು ಹೊತ್ತು ಇಂಟರ್ನೆಟ್ ಖರ್ಚಾಗುವುದಿಲ್ಲ. ಯಾರೋ ಗೋಣಿಕೊಪ್ಪದಲ್ಲಿ ಕೂತು ನಾಲ್ಕು ಕ್ಯಾಮೆರಾ ಒಟ್ಟಿಗೆ ತೆರೆದರೆ, ಒಂದೊಂದು 1080ಪಿ ಮೇನ್ ಸ್ಟ್ರೀಮ್ 2 ಎಂಬಿಪಿಎಸ್ ಎಂದರೂ, ಮನೆಯ ಅಪ್‌ಲೋಡ್‌ನಿಂದ 8 ಎಂಬಿಪಿಎಸ್ ಹೊರಟಿತು. ಕ್ಲೌಡ್‌ಗೆ ರೆಕಾರ್ಡ್ ಆಗುವ ಕ್ಯಾಮೆರಾ ಆದರೆ ರಾತ್ರಿ ಹಗಲೂ ಅದೇ. ದೂರದಿಂದ ನೋಡುವುದಕ್ಕೆ ಕಡಿಮೆ ಗುಣಮಟ್ಟದ ಸಬ್ ಸ್ಟ್ರೀಮ್ ಆರಿಸಿ, ಅದು ಕೆಲವು ನೂರು ಕೆಬಿಪಿಎಸ್‌ನಲ್ಲಿ ಮುಗಿಯುತ್ತದೆ. ಫೋಟೊ ಬ್ಯಾಕಪ್‌ಗೆ ರಾತ್ರಿಯ ಹೊತ್ತು ಗೊತ್ತುಮಾಡಿ.

ಬೇರಿನಿಂದ ಸರಿಪಡಿಸಬೇಕಾದರೆ ರೂಟರ್‌ನಲ್ಲಿ ಈ ಸಾಲಿನ (ಕ್ಯೂ) ನಿರ್ವಹಣೆ ಬೇಕು. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಬಹುದಾದ ರೂಟರ್ ಇದ್ದರೆ ಎಸ್‌ಕ್ಯುಎಂ ಎಂಬ ಪ್ಯಾಕೇಜ್ ಸೇರಿಸಿ, ಕೇಕ್ ಎಂಬ ಕ್ರಮ ಆರಿಸಿ, ಅಪ್‌ಲೋಡ್ ಡೌನ್‌ಲೋಡ್ ಎರಡನ್ನೂ ಅಳೆದ ವೇಗದ ಶೇ 85ರಿಂದ 90ಕ್ಕೆ ಮಿತಿಗೊಳಿಸಿ. ಹತ್ತು ಭಾಗ ವೇಗ ಬಿಟ್ಟುಕೊಟ್ಟು ಸಾಲನ್ನು ನಿಮ್ಮ ಕೈಗೆ ತಂದುಕೊಂಡಂತೆ. ಸಿಮ್ ರೂಟರ್‌ನಲ್ಲಿ ವೇಗ ಗಳಿಗೆಗೊಂದು ಬಗೆ ಇರುವುದರಿಂದ ಸಂಜೆ ಹೊತ್ತಿನ ಕನಿಷ್ಠ ಅಳತೆಯನ್ನೇ ಹಿಡಿಯಿರಿ.

ಫೈಬರ್ ಮನೆಯಾದರೆ

ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ಲಾಸ್ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಅದು ಎಲ್ಲರಿಗೂ ಗೊತ್ತು. ಕಷ್ಟದ ಸ್ಥಿತಿ ಎಂದರೆ ದೀಪ ಹಸಿರಾಗಿದ್ದು, ಬೆಳಕು ಅಂಚಿನಲ್ಲಿರುವುದು. ಓಎನ್‌ಟಿಯ ಪುಟದೊಳಗೆ ಆಪ್ಟಿಕಲ್ ಅಥವಾ ಪಾನ್ ಎಂಬ ಕಡೆ ಬರುವ ಬೆಳಕಿನ ಶಕ್ತಿ ಡಿಬಿಎಂನಲ್ಲಿ ಸಿಗುತ್ತದೆ. ಮನೆಗಳ ಫೈಬರ್ ವ್ಯವಸ್ಥೆಯಾದ ಜಿಪಾನ್‌ನ ಬಿ ಪ್ಲಸ್ ವರ್ಗದಲ್ಲಿ ಓಎನ್‌ಟಿ -27ರವರೆಗೆ ಹಿಡಿಯುತ್ತದೆ. -25ಕ್ಕಿಂತ ಕೆಳಗಿದ್ದರೆ ಮಳೆಗಾಲದವರೆಗೆ ಕಾಯದೆ ಸರಿಮಾಡಿಸಿ.

ಎಷ್ಟಿರಬೇಕೆಂದು ಅಂದಾಜು ಹಾಕುವುದು ಕಷ್ಟವಲ್ಲ. ಕಂಪನಿಯ ಕಡೆಯಿಂದ +3 ಡಿಬಿಎಂ ಹೊರಟಿತೆನ್ನಿ. 32 ಮನೆಗೆ ಹಂಚುವ ಸ್ಪ್ಲಿಟರ್ ಸುಮಾರು 17 ಡೆಸಿಬೆಲ್ ತಿನ್ನುತ್ತದೆ, 10 ಕಿ.ಮೀ. ಫೈಬರ್ ಮೂರೂವರೆ ಒಳಗೆ, ಕನೆಕ್ಟರ್ ಮತ್ತು ಬೆಸುಗೆ ಎಲ್ಲ ಸೇರಿ ಎರಡು. -20ರ ಆಸುಪಾಸಿಗೆ ಬಂತು. ನಿಮ್ಮಲ್ಲಿ -28 ಇದ್ದರೆ ಎಂಟು ಡೆಸಿಬೆಲ್ ಎಲ್ಲೋ ಸೋರುತ್ತಿದೆ. ಅದು ಊರಿನ ದೂರದಿಂದ ಅಲ್ಲ. ಮಡಚಿದ ಕೇಬಲ್, ನೀರು ಇಳಿದ ಜಾಯಿಂಟ್, ಕೊಳೆಯಾದ ಕನೆಕ್ಟರ್, ಇವುಗಳಲ್ಲೊಂದು. ಮರದಿಂದ ಮರಕ್ಕೆ ಎಳೆದ ಡ್ರಾಪ್ ಕೇಬಲ್ ಗಾಳಿಗೆ ಕೊಂಬೆಗೆ ಉಜ್ಜಿ ಸವೆಯುವ ಜಾಗ, ಗೋಡೆ ಮೂಲೆಯಲ್ಲಿ ಮೊಳೆಗೆ ಬಿಗಿಯಾಗಿ ಸುತ್ತಿದ ಜಾಗ, ಮೊದಲು ನೋಡಬೇಕಾದವು ಇವೆರಡು. ಗಾಳಿ ಬೀಸಿದಾಗ ಮಾತ್ರ ಕಾಲ್ ಕೆಟ್ಟರೆ ಕೊಂಬೆಯ ಮೇಲೇ ಅನುಮಾನ.

ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಕಾಲ್ ಪೂರ್ತಿ ಕಡಿದು, ಎರಡು ಮೂರು ನಿಮಿಷದ ಮೇಲೆ ತಾನಾಗಿ ಸರಿಹೋಗುತ್ತಿದ್ದರೆ ರೂಟರ್ ಪುಟದಲ್ಲಿ ಅಪ್‌ಟೈಮ್ ನೋಡಿ. ಅಲ್ಲಿ ಬರೀ ಕೆಲವು ನಿಮಿಷ ಎಂದಿದ್ದರೆ ರೂಟರ್ ಮತ್ತೆ ಮತ್ತೆ ಶುರುವಾಗುತ್ತಿದೆ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಕುಸಿದಾಗ, ಇಲ್ಲವೇ ಅಡಾಪ್ಟರ್ ಹಳೆಯದಾದಾಗ ಇದು ಸಾಮಾನ್ಯ. 12 ವೋಲ್ಟ್‌ನ ಪುಟ್ಟ ಯುಪಿಎಸ್ ಒಂದರಲ್ಲಿ ಓಎನ್‌ಟಿ, ರೂಟರ್ ಎರಡನ್ನೂ ನಡೆಸಬಹುದು; ಎರಡರ ಆಂಪಿಯರ್ ಕೂಡಿಸಿ ಕೊಳ್ಳಿ, 1 ಮತ್ತು 1 ಇದ್ದರೆ 2 ಆಂಪಿಯರಿನದು. ಮಾರ್ಚ್, ಏಪ್ರಿಲ್‌ನ ಹೂಮಳೆಯ ಗುಡುಗು ಮಿಂಚಿನ ಹೊತ್ತಿಗೆ ಅಡಾಪ್ಟರ್ ಕಿತ್ತಿಡಿ. ಗಾಜಿನ ನಾರು ಮಿಂಚು ತರುವುದಿಲ್ಲ, ಅದಕ್ಕೆ ಆಸರೆಯಾಗಿರುವ ಉಕ್ಕಿನ ತಂತಿ ತರಬಲ್ಲದು. ಹೆಚ್ಚಿನ ಪೆಟ್ಟು ಬರುವುದು ಮಾತ್ರ ಕರೆಂಟ್ ಕಡೆಯಿಂದ. ಪೆಟ್ಟು ತಿಂದ ಲ್ಯಾನ್ ಪೋರ್ಟ್ ಕೆಲವೊಮ್ಮೆ ಸಾಯದೆ 10 ಎಂಬಿಪಿಎಸ್‌ಗೆ ಇಳಿದು ಬದುಕಿರುತ್ತದೆ. ಪೋರ್ಟ್ ಬದಲಿಸಿ ನೋಡುವುದು ಪುಕ್ಕಟೆ.

ಸಿಮ್ ಮೇಲೆ ನಡೆಯುವ ಮನೆ

ಫೋನಿನ ಮೇಲ್ಗಡೆಯ ಕಡ್ಡಿಗಳನ್ನು ನಂಬಬೇಡಿ. ಹಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲರ್‌ನಲ್ಲಿ *#*#4636#*#* ಒತ್ತಿದರೆ, ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ನಿಜವಾದ ಅಂಕಿ ಸಿಗುತ್ತವೆ. ಆರ್‌ಎಸ್‌ಆರ್‌ಪಿ ಎಂದರೆ ಸಿಗ್ನಲ್ ಬಲ: -90ಕ್ಕಿಂತ ಮೇಲಿದ್ದರೆ ಚೆನ್ನ, -100 ಪರವಾಗಿಲ್ಲ, -110ಕ್ಕಿಂತ ಕೆಳಗೆ ವಿಡಿಯೊಗೆ ಅದೃಷ್ಟ ಬೇಕು. ಎಸ್‌ಐಎನ್‌ಆರ್ ಎಂದರೆ ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಎಂಬುದು: 13ರ ಮೇಲೆ ಒಳ್ಳೆಯದು, ಸೊನ್ನೆಯ ಹತ್ತಿರ ಕೆಟ್ಟದ್ದು.

ಅಪ್‌ಲೋಡ್ ಮೊದಲು ಸಾಯುವುದಕ್ಕೆ ಕಾರಣ ಇಲ್ಲಿದೆ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗುತ್ತದೆ. ನಿಮ್ಮ 4ಜಿ ಫೋನ್ ಹೆಚ್ಚೆಂದರೆ 23 ಡಿಬಿಎಂ, ಅಂದರೆ 0.2 ವಾಟ್‌ನಲ್ಲಿ ಉತ್ತರಿಸಬಲ್ಲದು. ಗುಡ್ಡದ ಆಚೆ ಟವರ್, ಈಚೆ ತಗ್ಗಿನಲ್ಲಿ ಮನೆ ಇದ್ದಾಗ ಟವರ್ ಕೂಗಿದ್ದು ನಿಮಗೆ ಕೇಳುತ್ತದೆ, ನೀವು ಕೂಗಿದ್ದು ಟವರಿಗೆ ಕೇಳುವುದಿಲ್ಲ. ಕಡ್ಡಿಗಳು ತೋರಿಸುವುದು ಟವರ್ ಕೂಗಿನ ಬಲವನ್ನು ಮಾತ್ರ. ಯೂಟ್ಯೂಬ್ ಓಡುತ್ತದೆ, ವಿಡಿಯೊ ಕಾಲ್ ಓಡುವುದಿಲ್ಲ ಎಂಬ ಒಗಟಿಗೆ ಬಹುಪಾಲು ಇದೇ ಉತ್ತರ.

‘ಮಳೆ ಬಂದರೆ ನೆಟ್ ಹೋಗುತ್ತದೆ’ ಎನ್ನುವುದನ್ನೂ ಬಿಡಿಸಿ ನೋಡಬೇಕು. 4ಜಿಯ 700ರಿಂದ 2300 ಮೆಗಾಹರ್ಟ್ಸ್ ಅಲೆಗಳಿಗೆ ಸುರಿಯುವ ಮಳೆಹನಿ ಲೆಕ್ಕಕ್ಕಿಲ್ಲ. ಅಡ್ಡಿ ಮಾಡುವುದು ನೆನೆದ ಸೊಪ್ಪು. ಸಿಲ್ವರ್ ಓಕ್, ಹಲಸು, ಅತ್ತಿ, ಅವುಗಳ ಮೇಲೆ ಹಬ್ಬಿದ ಮೆಣಸಿನ ಬಳ್ಳಿ ತೊಯ್ದು ನಿಂತಾಗ ಸಿಗ್ನಲ್ ಹೀರುತ್ತವೆ, ಹೆಚ್ಚು ಮೆಗಾಹರ್ಟ್ಸ್‌ನ ತರಂಗಗಳನ್ನು ಇನ್ನೂ ಹೆಚ್ಚು. ಮರ ಕಪಾತು ಆದ ಮೇಲೆ ಬೇಸಿಗೆಯಲ್ಲಿ ತೆಗೆದ ಅಳತೆ ಜುಲೈಗೆ ಹೊಂದುವುದಿಲ್ಲ. ಇನ್ನೆರಡು ಕಾರಣ ನಿಮ್ಮ ಕೈ ಮೀರಿದವು: ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿಯುವುದು, ಮತ್ತು ಗುಡ್ಡದಿಂದ ಗುಡ್ಡಕ್ಕೆ ಟವರುಗಳನ್ನು ಬೆಸೆಯುವ ಮೈಕ್ರೋವೇವ್ ಕೊಂಡಿ. ಆ ಕೊಂಡಿಗಳು 10 ಗಿಗಾಹರ್ಟ್ಸ್‌ಗೂ ಮೇಲೆ ನಡೆಯುವಂಥವಾದರೆ ಜೋರು ಮಳೆ ಅವಕ್ಕೆ ನಿಜವಾಗಿ ಬಡಿಯುತ್ತದೆ. ಬೇರ್ಪಡಿಸುವುದು ಸುಲಭ. ಮಳೆಯಲ್ಲಿ ಆರ್‌ಎಸ್‌ಆರ್‌ಪಿ ಹತ್ತು ಡೆಸಿಬೆಲ್ ಕುಸಿದರೆ ಸೊಪ್ಪು. ಸಿಗ್ನಲ್ ಪೂರ್ತಿ ಮಾಯವಾದರೆ ಅಥವಾ ಫೋನ್ ದೂರದ ಇನ್ನೊಂದು ಟವರಿಗೆ ಹಾರಿದರೆ ಟವರ್ ಆರಿದೆ. ಆರ್‌ಎಸ್‌ಆರ್‌ಪಿ ಮೊದಲಿನಂತೆಯೇ ಇದ್ದು ಪಿಂಗ್ ಮಾತ್ರ ಕೆಟ್ಟರೆ ಕೊಂಡಿ.

ಬಲ ಚೆನ್ನಾಗಿದ್ದು ಎಸ್‌ಐಎನ್‌ಆರ್ ತಗ್ಗಿ, ಶನಿವಾರ ಭಾನುವಾರ ಮಾತ್ರ ಕಾಲ್ ಕೆಡುತ್ತಿದೆಯೇ? ಹೋಂಸ್ಟೇಗಳು ತುಂಬಿವೆ, ಟವರನ್ನು ಹಂಚಿಕೊಳ್ಳುವವರು ಹೆಚ್ಚಾಗಿದ್ದಾರೆ. ಆಂಟೆನಾ ಎತ್ತರಿಸಿದರೆ ಇದು ಸರಿಹೋಗದು. ಒಂದೇ ಬ್ಯಾಂಡನ್ನು (ಟವರ್ ಬಳಸುವ ತರಂಗಗಳ ಒಂದು ಪಟ್ಟಿ) ಹಿಡಿದಿರುವಂತೆ ಬೀಗ ಹಾಕಲು ಬರುವ ರೂಟರ್ ಆದರೆ ಒಂದೊಂದೇ ಬ್ಯಾಂಡ್ ಹಾಕಿ ಅಪ್‌ಲೋಡ್ ಅಳೆದು ನೋಡಿ.

ದುರ್ಬಲ ಸಿಗ್ನಲ್‌ಗೆ ಸರಿಯಾದ ಮದ್ದು ದಿಕ್ಕುಳ್ಳ ಹೊರ ಆಂಟೆನಾ. ಕೇಬಲ್‌ನಲ್ಲಿ ಮೋಸಹೋಗಬೇಡಿ. 10 ಮೀಟರ್ ತೆಳು ಆರ್‌ಜಿ58 ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಏಳೆಂಟು ಡೆಸಿಬೆಲ್ ನುಂಗುತ್ತದೆ, ಆಂಟೆನಾ ಗಳಿಸಿಕೊಟ್ಟದ್ದೆಲ್ಲ ಅಲ್ಲೇ ಹೋಯಿತು. ದಪ್ಪ ಎಲ್‌ಎಂಆರ್400 ಆದರೆ ಎರಡರೊಳಗೆ ಮುಗಿಯುತ್ತದೆ. ಇದಕ್ಕಿಂತ ಚೆನ್ನಾದದ್ದು, ರೂಟರನ್ನೇ ಅಟ್ಟದ ಕಿಟಕಿಗೆ ಅಥವಾ ಕಂಬದ ಪೆಟ್ಟಿಗೆಗೆ ಏರಿಸಿ, ಲ್ಯಾನ್ ಕೇಬಲ್ ಕೆಳಗೆ ತರುವುದು. ಜಿಂಕ್ ಶೀಟ್ ಮಾಡಿನ ಅಡಿಯಲ್ಲಿ ಮಾತ್ರ ಇಡಬೇಡಿ, ತಗಡು ಸಿಗ್ನಲ್ಲನ್ನು ಹಿಂದಕ್ಕೆ ಹೊಡೆಯುತ್ತದೆ. ಅನುಮತಿಯಿಲ್ಲದ ಬೂಸ್ಟರ್ ಬೇಡ. ಅದು ಕಾನೂನಿಗೆ ವಿರುದ್ಧ, ಜತೆಗೆ ಸುತ್ತಲಿನವರ ಸಿಗ್ನಲ್ಲನ್ನೂ ಕೆಡಿಸುತ್ತದೆ.

ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದಾಗ ವಿಡಿಯೊ ಆಗದು, ಧ್ವನಿ ಆದೀತು. ಓಪಸ್ ಧ್ವನಿ 32, ಪ್ಯಾಕೆಟ್ ತಲೆಬರಹಗಳ ಭಾರ ಸೆಕೆಂಡಿಗೆ 50ರ ಲೆಕ್ಕದಲ್ಲಿ 16; ಒಟ್ಟು 48. ಕ್ಯಾಮೆರಾ ಆರಿಸಿ, ಬೇರೆ ಆ್ಯಪ್‌ಗಳ ಡೇಟಾ ನಿಲ್ಲಿಸಿದರೆ ಮಾತಿಗೆ ಸಾಕಾಗುತ್ತದೆ. ಡೇಟಾ ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೆ: ಎರಡೂ ದಿಕ್ಕು ಸೇರಿ 1.5 ಎಂಬಿಪಿಎಸ್‌ನ ಕಾಲ್ ಗಂಟೆಗೆ ಸುಮಾರು 675 ಎಂಬಿ ತಿನ್ನುತ್ತದೆ.

ನೆಟ್‌ನದ್ದಲ್ಲದ ದೋಷಗಳು

ಅಂಕಿಯೆಲ್ಲ ಸರಿಯಿದ್ದೂ ಕಾಲ್ ಕೆಟ್ಟಿದ್ದರೆ ಮನೆಯ ಮಾಡಿನ ಕಡೆ ನೋಡಿ. ಜಿಂಕ್ ಶೀಟಿನ ಮೇಲೆ ಜಡಿಮಳೆ ಬೀಳುವಾಗ ಆ್ಯಪ್‌ನ ಗದ್ದಲ ತಗ್ಗಿಸುವ ವ್ಯವಸ್ಥೆ ಮಳೆಯ ಸದ್ದನ್ನು ಅಳಿಸಹೋಗಿ ಮಾತಿನ ಕೊನೆಗಳನ್ನೂ ನುಂಗುತ್ತದೆ. ಆ ಕಡೆಯವರಿಗೆ ಅದು ನೆಟ್ ಕಡಿದಂತೆಯೇ ಕೇಳುತ್ತದೆ. ಗುರುತು: ಮಾತು ತುಂಡು, ನಷ್ಟ ಸೊನ್ನೆ, ಜಿಟ್ಟರ್ ಕಡಿಮೆ. ತಂತಿಯ ಇಯರ್‌ಫೋನ್ ಮೈಕನ್ನು ಬಾಯಿಯ ಹತ್ತಿರ ತಂದರೆ ಅರ್ಧ ಗುಣವಾಗುತ್ತದೆ. ಉಳಿದರ್ಧಕ್ಕೆ ಹೆಂಚು ಅಥವಾ ತಾರಸಿ ಇರುವ ಕೋಣೆಗೆ ಹೋಗಿ.

ಮಳೆಗಾಲದ ಮಬ್ಬು ಕೋಣೆಯಲ್ಲಿ ವೆಬ್‌ಕ್ಯಾಮ್ ಬೆಳಕು ಸಾಲದೆ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. 30 ಫ್ರೇಮ್ ಹೋಗಿ 15 ಆಗುತ್ತದೆ, ಕೈಯಾಡಿಸಿದರೆ ಗೆರೆ ಗೆರೆ. ವೆಬ್‌ಆರ್‌ಟಿಸಿ ಪುಟದ ಮೀಡಿಯಾ ಸೋರ್ಸ್‌ನಲ್ಲೇ 15 ಕಂಡರೆ ನೆಟ್‌ವರ್ಕ್ ತಲುಪುವ ಮೊದಲೇ ಕೆಟ್ಟಿದೆ. ಮುಖದ ಎದುರು ಒಂದು ಎಲ್‌ಇಡಿ ಬಲ್ಬ್ ಹಚ್ಚಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಸ್ಥಿತಿಗೆ ಹೋಗಿ ಪ್ರೊಸೆಸರ್ ನಿಧಾನವಾಗುವುದೂ ಉಂಟು. ಹಿನ್ನೆಲೆ ಮಸುಕು ಮಾಡುವ ಆಯ್ಕೆ ಆಗ ಮೊದಲು ತೆಗೆಯಬೇಕಾದದ್ದು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಬಳಸಿದೊಡನೆ ಧ್ವನಿ ಡಬ್ಬದೊಳಗಿನಿಂದ ಬಂದಂತಾದರೆ ಅದು ಬ್ಲೂಟೂತ್‌ನ ಕರೆ ವಿಧಾನದ ಗುಣ.

ವಿಳಂಬವನ್ನು ಕಣ್ಣಾರೆ ಅಳೆಯುವುದು

ಆರ್‌ಟಿಟಿ ನೆಟ್‌ವರ್ಕಿನ ಪಾಲು ಮಾತ್ರ. ಕ್ಯಾಮೆರಾ, ಎನ್‌ಕೋಡಿಂಗ್, ಬಫರ್, ಪರದೆ ಅದರ ಮೇಲೆ ಸೇರುತ್ತವೆ. ಒಟ್ಟು ಎಷ್ಟೆಂದು ತಿಳಿಯಲು ಒಂದೇ ಮೇಜಿನ ಮೇಲೆ ಎರಡು ಫೋನ್ ಇಡಿ, ಒಂದು ವೈಫೈನಲ್ಲಿ, ಇನ್ನೊಂದು ಸಿಮ್‌ನಲ್ಲಿ. ಎರಡರ ನಡುವೆ ಕಾಲ್ ಮಾಡಿ, ಕೂಗುವ ಪ್ರತಿಧ್ವನಿ ಬಾರದಂತೆ ಎರಡೂ ಮೈಕ್ ಮುಚ್ಚಿ. ಲ್ಯಾಪ್‌ಟಾಪ್‌ನಲ್ಲಿ ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಓಡಿಸಿ ಮೊದಲ ಫೋನಿನ ಕ್ಯಾಮೆರಾ ಅದನ್ನು ನೋಡುವಂತೆ ನಿಲ್ಲಿಸಿ. ಮೂರನೆಯ ಫೋನಿನಿಂದ, ಲ್ಯಾಪ್‌ಟಾಪ್ ಪರದೆಯೂ ಎರಡನೆಯ ಫೋನಿನ ಪರದೆಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆಯಿರಿ. ಲ್ಯಾಪ್‌ಟಾಪ್‌ನಲ್ಲಿ 12.640, ಫೋನಿನಲ್ಲಿ 12.410 ಕಂಡರೆ ಒಂದು ದಿಕ್ಕಿನ ವಿಳಂಬ 230 ಮಿಲಿಸೆಕೆಂಡ್. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗುವುದರಿಂದ ಒಂದೇ ಫೋಟೊ ನೆಚ್ಚಬೇಡಿ. ಹತ್ತು ತೆಗೆದು, ಏರಿಕೆಯಲ್ಲಿ ಬರೆದು, ನಡುವಿನದ್ದನ್ನು ಹಿಡಿಯಿರಿ. ಬಳಿಕ ಪಾತ್ರ ಅದಲುಬದಲು ಮಾಡಿ ಇನ್ನೊಂದು ದಿಕ್ಕು ಅಳೆಯಿರಿ. ಸಿಮ್‌ನಿಂದ ಹೊರಡುವ ದಿಕ್ಕು ಮಾತ್ರ ಬಹಳ ಹೆಚ್ಚಿದ್ದರೆ ಅಪ್‌ಲೋಡ್ ಕಥೆ ಖಾತ್ರಿ.

ದೂರು ಕೊಡುವಾಗ

ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 9, ಮಳೆ ಸುರಿಯುತ್ತಿರುವಾಗ ಇನ್ನೊಮ್ಮೆ. ಮೂರು ದಿನ ಬರೆದಿಡಿ. ಪ್ರತಿ ಸಲವೂ ರೂಟರ್ ಪಿಂಗ್, ಹೊರಗಿನ ಪಿಂಗ್, ಹೊರೆಯಲ್ಲಿ ಪಿಂಗ್, ನಷ್ಟ, ಜತೆಗೆ ಬೆಳಕಿನ ಶಕ್ತಿ ಅಥವಾ ಆರ್‌ಎಸ್‌ಆರ್‌ಪಿ. ‘ನೆಟ್ ಸ್ಲೋ’ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತದೆ. ‘ರೂಟರ್‌ವರೆಗೆ ನಷ್ಟ ಸೊನ್ನೆ, ನಿಮ್ಮ ಮೊದಲ ಕಟ್ಟೆಯಿಂದ ಕೊನೆಯವರೆಗೆ ಶೇ 4, ಬೆಳಕು ಸೋಮವಾರ -21 ಇದ್ದದ್ದು ಈಗ -27’ ಎಂದು ಹೇಳಿದರೆ ಲೈನ್ ನೋಡುವವರು ನಾರು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹಿಡಿದೇ ಬರುತ್ತಾರೆ. ಅವರು ಕೆಲಸ ಮುಗಿಸಿದ ಮೇಲೆ, ಹೊರಡುವ ಮುಂಚೆ, ಓಎನ್‌ಟಿ ಪುಟ ತೆರೆದು ಹೊಸ ಅಂಕಿಯನ್ನು ಅದೇ ಹಾಳೆಯಲ್ಲಿ ಅವರ ಎದುರಿಗೇ ಬರೆದುಕೊಳ್ಳಿ. ರಾತ್ರಿ 9ಕ್ಕೆ ಹೊರೆ ಹೇರಿ ಮತ್ತೊಮ್ಮೆ ಅಳೆಯಿರಿ. ಮಧ್ಯಾಹ್ನದ ಖಾಲಿ ಲೈನಿನ ಅಳತೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.